ಬೆಡ್‌ಶೀಟಿನ ಆಚೆ ತುದಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಅಕ್ಕನಿಗೆ ಎಲ್ಲರೂ ಇಟ್ಟಿರುವ ಹೆಸರು ಇಸ್ತ್ರಿಪೆಟ್ಟಿಗೆ. ಮುಟ್ಟಿದರೆ ಸುಡುತ್ತಾಳೆ ಅಂತ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಅವಳಿಗೆ ಗೊತ್ತು. ನಾನೂ ಅಲ್ಲೇ ಕೆಲಸಕ್ಕಿದ್ದೇನೆ. ಮಗುವನ್ನು ಕೆಳಗಡೆ ನೌಕರರ ಮಕ್ಕಳ ಕೋಣೆಯಲ್ಲಿ ಬಿಟ್ಟು, ಕಿಟಕಿ ಪಕ್ಕದ ಹೊಲಿಗೆ ಮೆಷಿನ್ನಿನಲ್ಲಿ ಹರಿದ ಬೆಡ್‌ಶೀಟು, ದಿಂಬಿನ ಚೀಲ ಹೊಲಿಯುತ್ತೇನೆ. ಅಕ್ಕ ಎದುರಿಗೇ, ಮಡಿಸುವವರ ಸಾಲಿನಲ್ಲಿ. ಹನ್ನೆರಡು ವರ್ಷದಿಂದ.

ಮಡಿಸುವುದು ಇಬ್ಬರ ಕೆಲಸ. ಒಬ್ಬಳು ಈ ಎರಡು ಮೂಲೆ, ಇನ್ನೊಬ್ಬಳು ಆ ಎರಡು ಮೂಲೆ ಹಿಡಿದು, ಒಮ್ಮೆ ಜಗ್ಗಿ, ಅರ್ಧಕ್ಕೆ ಮಡಿಸಿ, ನಡೆದು ಬಂದು ತನ್ನ ಮೂಲೆಗಳನ್ನು ಎದುರಿನವಳ ಕೈಗೆ ದಾಟಿಸಬೇಕು. ದಿನಕ್ಕೆ ಮುನ್ನೂರು ಸಲ ಹೀಗೆ ಹತ್ತಿರ ಬಂದು ದೂರ ಹೋಗುವವರ ನಡುವೆ ಮಾತು ಬೆಳೆಯದೆ ಇದ್ದೀತೇ? ಯಾರ ಅತ್ತೆ ಏನೆಂದಳು, ಯಾರ ಮಗ ಶಾಲೆ ತಪ್ಪಿಸಿದ, ಎಲ್ಲವೂ ಆ ಬಟ್ಟೆಯ ಮೇಲಿನಿಂದಲೇ ದಾಟಿಹೋಗುತ್ತದೆ. ಅಕ್ಕ ಮಾತ್ರ ಒಬ್ಬಳೇ ಮಡಿಸುತ್ತಾಳೆ. ಗೋಡೆಯಲ್ಲಿ ಎರಡು ಕೊಕ್ಕೆಗಳಿವೆ. ಆಚೆಯ ಮೂಲೆಗಳನ್ನು ಅವಕ್ಕೆ ಸಿಕ್ಕಿಸಿ, ಈಚೆಯಿಂದ ತಾನು ಜಗ್ಗುತ್ತಾಳೆ. ಅವಳ ಮಡಿಕೆಯಲ್ಲಿ ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರುವುದಿಲ್ಲ.

ಹುಟ್ಟಿನಿಂದ ಹೀಗಿದ್ದವಳಲ್ಲ. ಚಿಕ್ಕಂದಿನಲ್ಲಿ "ಸ್ವಲ್ಪ ಬಾಯಿ ಮುಚ್ಚೇ" ಎಂದು ಅಮ್ಮ ಗದರುತ್ತಿದ್ದದ್ದು ಇವಳಿಗೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಜೊತೆಯವಳ ಸೊಟ್ಟ ಮಡಿಕೆಗಳನ್ನೆಲ್ಲ ಬಿಚ್ಚಿ, ಮತ್ತೆ ಮಡಿಸಿಟ್ಟಿದ್ದಳು. ಉಪಕಾರ ಅಂದುಕೊಂಡೇ ಮಾಡಿದ್ದು. ಅದನ್ನು ಕಂಡ ಆಗಿನ ಸೂಪರ್‌ವೈಸರ್ ಆ ಜೊತೆಯವಳನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದ. ಮಾರನೆಯ ದಿನ ಅಕ್ಕನ ಜೊತೆ ನಿಲ್ಲಲು ಯಾರಿಗೂ ಪುರುಸೊತ್ತಿರಲಿಲ್ಲ. ಇವಳು "ಬಿಡಿ, ನಾನೇ ಮಾಡ್ಕೋತೀನಿ" ಎಂದಳು. ಅವರು "ಸೊಕ್ಕು ನೋಡು" ಎಂದರು. ಸೊಕ್ಕು ಎಂದದ್ದಕ್ಕೆ ಇವಳು ಮಾತು ಬಿಟ್ಟಳು. ಮಾತು ಬಿಟ್ಟದ್ದಕ್ಕೆ ಅವರು ಅಡ್ಡಹೆಸರು ಇಟ್ಟರು. ಬೀಜ ಮೊದಲೋ ಮರ ಮೊದಲೋ, ಈಗ ಕೇಳಿದರೆ ಯಾರಿಗೂ ನೆನಪಿಲ್ಲ.

ಹೋದ ಬುಧವಾರ ಹೊಸ ಸೂಪರ್‌ವೈಸರಮ್ಮ ಬಾಗಿಲಲ್ಲೇ ನಿಂತು ಹೇಳಿದರು: "ಸೋಮವಾರ ಆ ಗೋಡೆಗೆ ಕಪಾಟು ಬರುತ್ತೆ, ಕೊಕ್ಕೆ ತೆಗೀತಾರೆ. ಇನ್ಮೇಲೆ ಎಲ್ಲರೂ ಜೋಡೀಲೇ ಮಡಿಸ್ಬೇಕು. ಜೋಡಿ ಸಿಗದೆ ಇದ್ದೋರು ಕೆಳಗೆ, ಕೊಳೆ ಬಟ್ಟೆ ವಿಂಗಡಿಸೋ ಕೋಣೆಗೆ."

"ಮೇಡಂ, ಯಾರಿಗೆ ಯಾರು ಅಂತ ನೀವೇ ಹೇಳ್ಬಿಡಿ" ಎಂದೆ ನಾನು.

"ನಾನ್ಯಾಕಮ್ಮ ಹೇಳ್ಲಿ? ಎತ್ತು ಏರಿಗೆ, ಕೋಣ ನೀರಿಗೆ ಎಳೆದ್ರೆ ಬೆಡ್‌ಶೀಟ್ ಹರಿಯುತ್ತೆ. ಆಮೇಲೆ ಹೊಲಿಯೋಳು ನೀನೇ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಆ ಕೋಣೆಯ ಬ್ಲೀಚಿಂಗ್ ಪುಡಿಯ ಘಾಟಿಗೆ ಗಟ್ಟಿ ಎದೆಯವರೇ ಕೆಮ್ಮುತ್ತಾರೆ, ಇವಳಿಗೆ ಉಬ್ಬಸ. ಹಿಂದೊಮ್ಮೆ ಮೂರು ದಿನ ಬೇರೆಯವರ ಬದಲಿಗೆ ಅಲ್ಲಿಗೆ ಹೋಗಿ, ನಾಲ್ಕನೆಯ ದಿನ ಇದೇ ಆಸ್ಪತ್ರೆಯ ಮಂಚದ ಮೇಲೆ, ತಾನೇ ಮಡಿಸಿದ ಬೆಡ್‌ಶೀಟಿನಲ್ಲಿ ಮಲಗಿದ್ದಳು. ಡಾಕ್ಟರ ಚೀಟಿ ಕೊಡೋಣವೆಂದರೆ, ಕೆಲಸಕ್ಕೇ ಲಾಯಕ್ಕಿಲ್ಲ ಎಂದು ಬರೆದಾರೆಂಬ ಭಯ.

ಜೋಡಿ ಹುಡುಕಿಕೊಳ್ಳಲು ಐದು ದಿನ. ಹೊಲಿಗೆ ಬಿಟ್ಟು ನಾನು ನಿಲ್ಲುವಂತಿಲ್ಲ. ಅಕ್ಕ ಒಬ್ಬರನ್ನೂ ಕೇಳಲಿಲ್ಲ. ಅದರ ಬದಲು ಮನೆಯಲ್ಲಿ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದಳು, ಮತ್ತೆ ಬಣ್ಣದ ಪ್ರಕಾರ. ಮಗುವಿಗೆ ಹಲ್ಲು ಬರುತ್ತಿದೆ, ಅದಕ್ಕೂ ನೆಮ್ಮದಿಯಿಲ್ಲ, ರಾತ್ರಿಯೆಲ್ಲ ಕೊಸರಾಟ. ಒಬ್ಬರನ್ನು ಸಮಾಧಾನ ಮಾಡುವಷ್ಟರಲ್ಲಿ ಇನ್ನೊಬ್ಬರು. ಅವಳು ಮಗುವಿನ ಒಂದೇ ಲಂಗೋಟಿಯನ್ನು ಮೂರು ಸಲ ಮಡಿಸಿದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯ ಬೆಡ್‌ಶೀಟ್ ತಂದು ಒಂದು ತುದಿ ಅವಳ ಕೈಗೆ ಕೊಟ್ಟು, ಅಭ್ಯಾಸ ಮಾಡು ಬಾ ಎಂದೆ.

ಎರಡನೆಯ ಮಡಿಕೆಗೇ ನನ್ನ ಕೈಯಿಂದ ಕಿತ್ತುಕೊಂಡಳು. "ಬಿಡು, ನಾನೇ ಮಾಡ್ತೀನಿ."

"ಎರಡು ಬೆರಳು ಸೊಟ್ಟ ಆದ್ರೆ ರೋಗಿಗಳೇನು ಎದ್ದು ಓಡಿಹೋಗ್ತಾರಾ ಅಕ್ಕ?"

"ಹಾಗಲ್ಲ ಕಣೇ. ಸೊಟ್ಟ ಕಂಡ್ರೆ ಕೈ ತಾನೇ ಹೋಗುತ್ತೆ."

"ಕೈ ತಡ್ಕೋ. ಇಲ್ಲಾಂದ್ರೆ ನಾಲ್ಕು ದಿನಕ್ಕೆ ನಿನ್ನ ಎದೆ ಕಟ್ಟುತ್ತೆ, ನಾನು ಎರಡು ಮಕ್ಕಳನ್ನ ಸಾಕ್ಬೇಕಾಗುತ್ತೆ."

ಬೆಡ್‌ಶೀಟನ್ನು ಮುದ್ದೆ ಮಾಡಿ ಮಂಚದ ಮೇಲೆ ಎಸೆದು ಹೊರಗೆ ಹೋದಳು. ಅವಳು ಬಟ್ಟೆಯನ್ನು ಮುದ್ದೆ ಮಾಡಿದ್ದು ನಾನು ನೋಡಿದ್ದು ಅದೇ ಮೊದಲು.

ಶನಿವಾರ ಊಟದ ಹೊತ್ತಿಗೆ ನಾನು, ಎಲ್ಲರೂ ರೇಡಿಯೊ ಎಂದು ಕರೆಯುವವಳ ಪಕ್ಕ ಹೋಗಿ ಕೂತೆ. ಬಾಯಿಗೆ ಬಿಡುವಿಲ್ಲದ್ದರಿಂದ ಅವಳಿಗೆ ಆ ಹೆಸರು. ಮಡಿಸುವ ಸಾಲಿನಲ್ಲಿ ಅವರು ಮೂವರ ಗುಂಪು, ಇಬ್ಬರು ಮಡಿಸುವಾಗ ಒಬ್ಬಳು ಕಟ್ಟು ಕಟ್ಟುತ್ತಾಳೆ. ಒಬ್ಬಳು ಈಚೆ ಬಂದರೂ ಅವರಿಗೆ ನಷ್ಟವಿಲ್ಲ.

"ಸೋಮವಾರದಿಂದ ನಮ್ಮಕ್ಕನ ಜೊತೆ ನಿಂತ್ಕೋತೀಯಾ?"

ಅವಳು ತುತ್ತು ನುಂಗಿ ನನ್ನನ್ನೇ ನೋಡಿದಳು. "ಎರಡು ವರ್ಷದ ಹಿಂದೆ ನಾನೇ ಹೋಗಿ ಕೇಳಿದ್ದೆ ಕಣೇ, ತುದಿ ಹಿಡೀಲಾ ಅಂತ. ಮುಖ ಕೂಡ ನೋಡ್ಲಿಲ್ಲ, ಕೊಕ್ಕೆಗೆ ಸಿಕ್ಕಿಸಿದ್ಲು. ಕೊಕ್ಕೆ ಜೊತೆ ಸಂಸಾರ ಮಾಡೋಳಿಗೆ ನಾನ್ಯಾಕೆ ಸವತಿ ಆಗ್ಲಿ?"

"ಅವಳ ಸ್ವಭಾವ ಹಾಗೆ."

"ಸ್ವಭಾವ ಅನ್ಬೇಡ. ನೀನು ಹೀಗೆ ಅವಳ ಪರವಾಗಿ ಬಂದು ಕೇಳ್ತಾ ಇದ್ರೆ ಅವಳಿಗೆ ಬಾಯಿ ಯಾಕೆ ಬರುತ್ತೆ? ಬೇಕಿದ್ರೆ ಅವಳೇ ಕೇಳ್ಲಿ."

ಎದ್ದು ಬಂದೆ. ಮಧ್ಯಾಹ್ನವೆಲ್ಲ ಹೊಲಿಗೆ ತಪ್ಪಿತು, ಒಂದು ದಿಂಬಿನ ಚೀಲದ ಬಾಯಿಯನ್ನೇ ಹೊಲಿದುಬಿಟ್ಟೆ. ಅವಳು ಹೇಳಿದ್ದು ನಿಜ. ಅಂಗಡಿಯವನ ಜೊತೆ, ಮನೆ ಮಾಲೀಕರ ಜೊತೆ, ಡಾಕ್ಟರ ಜೊತೆ ಅಕ್ಕನ ಮಾತನ್ನೆಲ್ಲ ಆಡುವವಳು ನಾನೇ. "ಅಕ್ಕನಿಗೆ ಸಿಟ್ಟು ಜಾಸ್ತಿ, ನೀನೇ ಕೇಳು" ಎಂದು ಅಮ್ಮ ಕಲಿಸಿದ್ದನ್ನು ಪ್ರೀತಿ ಎಂದುಕೊಂಡು ನಡೆಸಿಕೊಂಡು ಬಂದೆ. ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದವರಲ್ಲಿ ನಾನೂ ಒಬ್ಬಳು.

ವಿಷಯ ಅಕ್ಕನ ಕಿವಿಗೆ ಬೀಳಲು ಸಂಜೆಯವರೆಗೂ ಬೇಕಾಗಲಿಲ್ಲ. ಮನೆ ದಾರಿಯಲ್ಲಿ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ತಿರುವಿನಲ್ಲಿ ನಿಂತು, "ನನ್ನ ಹೆಸರಲ್ಲಿ ಭಿಕ್ಷೆ ಬೇಡಿದ್ಯಾ?" ಎಂದಳು.

"ಹೌದು. ಇನ್ನು ಬೇಡಲ್ಲ. ಕೆಳಗೆ ಕಳಿಸಿದ್ರೂ ಬೇಡಲ್ಲ."

ಭಾನುವಾರವಿಡೀ ಇಬ್ಬರೂ ಮಗುವಿನ ಜೊತೆ ಮಾತ್ರ ಮಾತಾಡಿದೆವು. ಎರಡು ಸಲ ಚಪ್ಪಲಿ ಮೆಟ್ಟಿ ರೇಡಿಯೊ ಮನೆಗೆ ಹೊರಟು, ಎರಡು ಸಲವೂ ಬಾಗಿಲಿನಿಂದ ವಾಪಸ್ ಬಂದೆ.

ಸೋಮವಾರ ಗೋಡೆಯಲ್ಲಿ ಎರಡು ತೂತುಗಳಿದ್ದವು, ಅಷ್ಟೆ. ಅಕ್ಕ ಒಂದು ಬೆಡ್‌ಶೀಟ್ ಎತ್ತಿಕೊಂಡು ನಿಂತಳು. ಅದರ ಅರ್ಧ ನೆಲದ ಮೇಲೆ. ಸಾಲಿನಲ್ಲಿ ಒಬ್ಬೊಬ್ಬರದೇ ಮಾತು ನಿಂತಿತು. ಸೂಪರ್‌ವೈಸರಮ್ಮ ಪುಸ್ತಕ ಹಿಡಿದು ಬಂದು, ಜೋಡಿಗಳನ್ನು ಬರೆಯುತ್ತಾ ಒಂದೊಂದೇ ಮೇಜು ದಾಟಿ ಹತ್ತಿರವಾಗುತ್ತಿದ್ದರು. ನಾನು ಮೆಷಿನ್ನಿನ ಚಕ್ರ ಹಿಡಿದುಕೊಂಡು ಕೂತೆ, ಎದ್ದುಬಿಟ್ಟೇನು ಅಂತ.

ಅಕ್ಕ ರೇಡಿಯೊ ಕಡೆ ತಿರುಗಿದಳು. "ಈ ತುದಿ ಹಿಡಿ."

"ಅಪ್ಪಣೆನಾ?"

ಅಕ್ಕನ ಕತ್ತು ಕೆಂಪಾಯಿತು. ಸೂಪರ್‌ವೈಸರಮ್ಮ ಪಕ್ಕದ ಮೇಜಿನಲ್ಲಿದ್ದರು.

"ಅಲ್ಲ" ಎಂದಳು ಅಕ್ಕ. ಆಮೇಲೆ, ನನ್ನವರೆಗೆ ಮುಟ್ಟಿಯೂ ಮುಟ್ಟದಷ್ಟು ಸಣ್ಣ ದನಿಯಲ್ಲಿ, "ಕೇಳ್ಕೋತಿದೀನಿ. ಹಿಡೀತೀಯಾ?"

ರೇಡಿಯೊ ಸೆರಗು ಸಿಕ್ಕಿಸಿಕೊಂಡು ಬಂದಳು. ಮೊದಲ ಮಡಿಕೆ ಎರಡು ಬೆರಳು ಸೊಟ್ಟ. ಅಕ್ಕನ ಕೈ ಅತ್ತ ಹೋಯಿತು, ಅಂಚಿನ ಮೇಲೆ ನಿಂತಿತು. ರೇಡಿಯೊ ನೋಡಿಯೂ ನೋಡದವಳಂತೆ ಮಾತು ಶುರು ಮಾಡಿದಳು. ಅಕ್ಕ ಅದನ್ನು ಹಾಗೆಯೇ ಮೇಜಿನ ಮೇಲಿಟ್ಟಳು. ಪುಸ್ತಕದಲ್ಲಿ ಇಬ್ಬರ ಹೆಸರೂ ಒಂದೇ ಸಾಲಿಗೆ ಬಿತ್ತು.

ಸಂಜೆ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಗೋಡೆಯಿಂದ ಈ ಗೋಡೆಗೆ ತಿರುಗಿದಳು. ಮಗು ಸುಮ್ಮನಾದ ಮೇಲೂ ನಿಲ್ಲಲಿಲ್ಲ.

"ಕಿವಿ ತೂತು ಬಿತ್ತು. ಅವಳ ನಾದಿನಿ ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡ ಕಥೆ ಮೂರು ಗಂಟೆ. ಬಾಗಿಲು ಒಡೆಯೋಕೆ ಬಡಗಿ ಬಂದ ಅನ್ನೋ ಹೊತ್ತಿಗೆ ಕೆಲಸ ಬಿಡೋ ಗಂಟೆ ಹೊಡೀತು."

"ಆಮೇಲೆ ಏನಾಯ್ತು?"

"ನನಗೇನು ಗೊತ್ತು? ನಾಳೆ ಅವಳೇ ಹೇಳ್ಬೇಕು." ಇನ್ನೊಂದು ಸುತ್ತು ಹೋಗಿ ಬಂದಳು. "ಹೇಳ್ತಾಳೆ ಅಲ್ವೇನೇ? ಇಲ್ಲ, ನಾನೇ ಕೇಳ್ಬೇಕಾ?"