ಟೋವಾ ಆಂಟಿಯ ಮಾತಿಲ್ಲದ ರಾಗ
ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಬೀದಿಯಲ್ಲಿ ಟೋವಾ ಆಂಟಿಯ ಕೈಗೆ ಸಿಕ್ಕವರು ಕುಣಿಯದೆ ಮನೆ ಸೇರಿದ್ದಿಲ್ಲ. ಎಂಬತ್ತೈದರ ಈ ಯಹೂದಿ ಅಜ್ಜಿ ಹಿಮ ಬಾಚಲು ಬಂದವನ ಸಲಿಕೆಯನ್ನೂ ಕೆಳಗಿಡಿಸಿ, ಡ್ರೈವ್‌ವೇನಲ್ಲೇ ಎಲ್ಲರ ಕೈಕೈ ಹಿಡಿಸಿ, ಸುತ್ತು ಕಟ್ಟಿಸಿ ಹೋರಾ ಕುಣಿಸಿಬಿಡುತ್ತಾರೆ. ಕುಣಿಯುತ್ತಲೇ ತಾವು ಬೆಳೆದ ಕಿಬ್ಬುಟ್ಸಿನ ಕಥೆ: ಇಸ್ರೇಲ್ ದೇಶ ಇನ್ನೂ ಹುಟ್ಟಿರದ ಕಾಲ, ಎಲ್ಲರೂ ಒಟ್ಟಿಗೆ ಗೇಯ್ದು ಒಟ್ಟಿಗೆ ಉಣ್ಣುತ್ತಿದ್ದ ಊರು. "ಪೋಲೆಂಡಿನವರು, ಯೆಮನ್‌ನವರು, ರಷ್ಯಾದವರು. ಒಬ್ಬರ ಮಾತು ಒಬ್ಬರಿಗೆ ತಿಳೀತಿರಲಿಲ್ಲ. ನಮ್ಮನ್ನ ಒಂದೇ ಜನ ಮಾಡಿದ್ದು ಹೀಬ್ರೂ ಹಾಡು, ಈ ಕುಣಿತ" ಎನ್ನುವಾಗ ಅವರಿಗೆ ಮಂಡಿನೋವು ಮರೆತೇಹೋಗುತ್ತದೆ. ನನ್ನ ಮಗಳು ರಿಯಾ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಮಾತ್ರ ಕುಣಿತ ನಿಲ್ಲಿಸಿ ಗದರುತ್ತಾರೆ: "ಅಮ್ಮನಿಗೆ ಅಮ್ಮನ ಭಾಷೇಲೇ ಹೇಳು!" ಅವರಿಗೋ ಕನ್ನಡ ಒಂದಕ್ಷರ ಬಾರದು, ಆದರೂ ರಿಯಾ ಕನ್ನಡದಲ್ಲಿ ಹೇಳುವವರೆಗೂ ಬಿಡುವುದಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತ ಒಂದು ರಾಗ ಗುನುಗುತ್ತಾರೆ, ಯಾವಾಗಲೂ ಅದೊಂದೇ. ಮೊನ್ನೆ ಅದರ ಸಾಹಿತ್ಯ ಏನೆಂದು ಕೇಳಿದೆ. "ನಮ್ಮಮ್ಮ ಪೋಲೆಂಡಿನವಳು, ಅವಳ ಮನೆಮಾತು ಯಿಡ್ಡಿಶ್. ಇದು ಅವಳ ಜೋಗುಳ. ನಂಗೆ ಏಳು ವರ್ಷ ಇದ್ದಾಗ ನನ್ನ ಗೆಳತಿಯರ ಮುಂದೆ ಹಾಡಿಬಿಟ್ಲು. 'ನಿಂಗೆ ಹೀಬ್ರೂ ಬರಲ್ವಾ?' ಅಂತ ಬೈದೆ. ಯಾರಾದ್ರೂ ಬೇರೆ ಭಾಷೆ ಆಡಿದ್ರೆ ಹಾಗೆ ಕೇಳ್ಬೇಕು ಅಂತ ಸ್ಕೂಲಲ್ಲಿ ನಮಗೆ ಹೇಳಿಕೊಟ್ಟಿದ್ರು. ಆವತ್ತಿಂದ ಅಮ್ಮ ಹಾಡಿನ ಮಾತು ಬಿಟ್ಟು ಬರೀ ರಾಗ ಗುನುಗೋಳು. ನಂಗೆ ಬರೋದೂ ಅಷ್ಟೇ."