ಗುಡುಗಿನ ಕಿವಿ

ಅಪ್ಪ ಅಮ್ಮ ಇಟ್ಟ ಹೆಸರು ನಮ್ಮಣ್ಣನಿಗೆ ಸಹಿ ಹಾಕುವಾಗ ಮಾತ್ರ ನೆನಪಾಗುತ್ತದೆ. ಮಿಕ್ಕ ಹೊತ್ತಿನಲ್ಲಿ ಅವನು ಎಲ್ಲರಿಗೂ ಗುಡುಗು. ಹಗಲೆಲ್ಲ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೂತು, ಸುಟ್ಟ ಪಂಪು ಫ್ಯಾನುಗಳ ಹೊಟ್ಟೆ ಬಿಚ್ಚಿ, ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತುತ್ತಾನೆ. ವಾರದ ಕೊನೆಗೆ ಕೈಗಂಟಿದ ವಾರ್ನಿಶ್ ಉಜ್ಜಿ ತೊಳೆದು, ಕಪ್ಪು ಟೀ ಶರ್ಟ್ ಏರಿಸಿ, ಒಂದು ಹೆವಿ ಮೆಟಲ್ ಬ್ಯಾಂಡಿನ ಸೌಂಡ್ ನೋಡಿಕೊಳ್ಳಲು ಹೊರಡುತ್ತಿದ್ದ. ‘ಹೊರಡುತ್ತಿದ್ದ’ ಅಂತ ಬರೆಯುವಾಗಲೇ ನನಗೆ ಸಂಕಟವಾಗುತ್ತದೆ.

ಅವನು ಮೊದಲ ಸಲ “ಮಿಕ್ಸರ್ ತರ್ತೀನಿ” ಅಂದಾಗ ಅಮ್ಮ ಖುಷಿಯಿಂದ ಅಡುಗೆಮನೆ ಕಟ್ಟೆ ಒರೆಸಿ ಜಾಗ ಮಾಡಿಟ್ಟಿದ್ದಳು. ಬಂದದ್ದು ಸಾಲುಸಾಲು ತಿರುಪುಗಳಿದ್ದ, ಬಾಗಿಲಿನಷ್ಟು ಅಗಲದ ಒಂದು ಯಂತ್ರ. ಹಾಡುವವನ ಗಂಟಲು, ಗಿಟಾರು, ಡ್ರಮ್ಮು ಎಲ್ಲವೂ ವೈರಿನಲ್ಲಿ ಹರಿದು ಅದರೊಳಗೆ ಹೋಗಿ, ಅಣ್ಣ ಹದ ಮಾಡಿದ ಮೇಲಷ್ಟೇ ಸ್ಪೀಕರಿಗೆ ಬರಬೇಕು. “ಇದರಲ್ಲಿ ಏನು ರುಬ್ತೀಯೋ?” ಅಂತ ಅಮ್ಮ ಕೇಳಿದಳು. “ಜನರ ತಲೆ” ಅಂದ. ಅಮ್ಮ ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದಳು.

ಬ್ಯಾಂಡಿನಲ್ಲಿದ್ದವರು ಮೂವರು, ಮೂವರೂ ಅವನ ಶಾಲೆಯ ಗೆಳೆಯರು. ಹಾಡುವವನದು ಬೇಕರಿ. ಬೆಳಗ್ಗೆ “ಬಿಸಿ ಇದೆ ಅಕ್ಕಾ, ಹುಷಾರು” ಅಂತ ಬನ್ನು ಕೊಡುವ ಮೆತ್ತನೆಯ ಮನುಷ್ಯ, ಮೈಕು ಕೈಗೆ ಸಿಕ್ಕರೆ ಪಾತಾಳದಿಂದ ಯಾರೋ ಮೆಟ್ಟಿಲು ಹತ್ತಿ ಬಂದ ಹಾಗೆ ಗುರುಗುಟ್ಟುತ್ತಿದ್ದ. ಗಿಟಾರಿನವರು ಗಣಿತದ ಮೇಷ್ಟ್ರು. ಡ್ರಮ್ಸ್ ಬಾರಿಸುವವನು ಬಸ್ ಡ್ರೈವರ್. ದಿನವಿಡೀ ಬ್ರೇಕ್ ಒತ್ತಿ ಒತ್ತಿ ಬಂದ ಸಿಟ್ಟನ್ನೆಲ್ಲ ಅಲ್ಲಿ ತೀರಿಸಿಕೊಳ್ಳುತ್ತಾನೆ ಅಂತ ನಾವು ಆಡಿಕೊಳ್ಳುತ್ತಿದ್ದೆವು. ಮೂವರಿಗೂ ಬೆನ್ನು ಮುಟ್ಟುವ ಕೂದಲು. ಹಾಡುಗಳಲ್ಲೆಲ್ಲ ಸ್ಮಶಾನ, ಯುದ್ಧ, ಪ್ರಳಯ. ಹಾಡು ಮುಗಿದ ಮೇಲೆ ಮಾತ್ರ ನಾಲ್ವರೂ ನೆಲದ ಮೇಲೆ ಕೂತು, ಹಸುಗೂಸಿನ ಬಟ್ಟೆ ಮಡಿಸುವ ಹಾಗೆ ವೈರುಗಳನ್ನು ಸುತ್ತಿಡುತ್ತಿದ್ದರು.

ಈ ಜನಕ್ಕೆ ಒಂದು ಹಮ್ಮು ಇತ್ತು. ಷೋ ಮುಗಿದ ಮಾರನೆಯ ದಿನ ಕಿವಿಯಲ್ಲಿ ಗುಂಯ್ ಅನ್ನದಿದ್ದರೆ ಅದು ಷೋನೇ ಅಲ್ಲ. “ಇನ್ನೂ ಅಂತಿದೆಯಾ?” “ಅಂತಿದೆ!” ಅಂತ ಫೋನಿನಲ್ಲಿ ಕೇಳಿಕೊಂಡು ನಗುತ್ತಿದ್ದರು. ಒಮ್ಮೆ ಡ್ರೈವರ್ ಕಿವಿಗೆ ಹತ್ತಿ ಇಟ್ಟುಕೊಂಡು ಬಾರಿಸಲು ಕೂತಿದ್ದ. ಅಣ್ಣ ಬಿಟ್ಟಾನೆಯೇ? ಮೈಕಿನಲ್ಲಿ, ತುಂಬಿದ ಸಭೆಯ ಎದುರು, “ಡ್ರೈವರ್ ಸಾಹೇಬ್ರಿಗೆ ಸದ್ದು ಜಾಸ್ತಿ ಆಯ್ತಂತೆ, ಜೋಗುಳ ಹಾಡೋಣ್ವಾ?” ಅಂದುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಡ್ರೈವರ್ ಹತ್ತಿ ಕಿತ್ತು ಎಸೆದ.

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಅಲ್ಲಿ ಕೂತು ಒಂದು ಮಾತು ಕಲಿತಿದ್ದೇನೆ. ಕಣ್ಣು ಮಂಜಾದರೆ ಜನ ತಮ್ಮ ಕಣ್ಣನ್ನು ಬೈದುಕೊಳ್ಳುತ್ತಾರೆ. ಕಿವಿ ಮಂದವಾದರೆ ಎದುರಿಗಿದ್ದವರನ್ನು ಬೈಯುತ್ತಾರೆ. ಅಣ್ಣ ಅತ್ತಿಗೆಯನ್ನು ಬೈಯಲು ಶುರು ಮಾಡಿದ. “ಗೊಣಗಬೇಡ, ಬಾಯಿ ಬಿಟ್ಟು ಮಾತಾಡು!” ಅತ್ತಿಗೆ ಬಾಯಿ ಬಿಟ್ಟೇ ಮಾತಾಡುತ್ತಿದ್ದಳು. ಕರೆಗಂಟೆ ಒತ್ತಿ ಒತ್ತಿ ನನ್ನ ಬೆರಳು ನೋಯುತ್ತಿತ್ತು, ಒಳಗೆ ಅವನು ಆರಾಮಾಗಿ ಪೇಪರ್ ಓದುತ್ತಿದ್ದ. ರಿಪೇರಿಯಾದ ಮೋಟಾರನ್ನು ಗಿರಾಕಿಗಳು ವಾಪಸ್ ತರುತ್ತಿದ್ದರು. “ಕೀರ್ ಅಂತಿದೆ ನೋಡಿ.” “ಎಲ್ಲಿ? ಬೆಣ್ಣೆ ಹಾಗೆ ಓಡ್ತಿದೆ!”

ಒಂದು ಷೋಗೆ ನಾನೂ ಹೋಗಿದ್ದೆ. ಡ್ರಮ್ಮಿನ ಪಕ್ಕ ನಿಲ್ಲಿಸುತ್ತಾರಲ್ಲ, ಆ ಹಿತ್ತಾಳೆ ತಟ್ಟೆಗಳು, ಅವುಗಳ ಸದ್ದು ಪಾತ್ರೆಯ ತಳವನ್ನು ಮೊಳೆಯಿಂದ ಕೆರೆದ ಹಾಗೆ ಬಂದು ಕಿವಿಗೆ ಚುಚ್ಚಿತು. ಮುಂದಿನ ಸಾಲಿನವರು ಕಿವಿಗೆ ಬೆರಳಿಟ್ಟು ನಿಂತಿದ್ದರು. ಅಣ್ಣ ಅವರನ್ನು ನೋಡಿ ಹೆಮ್ಮೆಯಿಂದ ಟ್ರೆಬಲ್, ಅಂದರೆ ಮೇಲಿನ ಸ್ವರದ ತಿರುಪು, ಇನ್ನಷ್ಟು ತಿರುಗಿಸಿದ. ಮೇಲಿನ ಸ್ವರ ಅವನಿಗೆ ಕೇಳುತ್ತಿರಲಿಲ್ಲ, ಕೇಳುವವರೆಗೂ ಏರಿಸುತ್ತಿದ್ದ. “ಅಣ್ಣಾ, ಕಿವಿ ಕೊರೆಯುತ್ತೆ” ಅಂತ ಹೇಳಿಯೇ ಬಂದೆ. “ಮೆಟಲ್ ಅಂದ್ರೆ ಕೊರೀಬೇಕು ಕಣೇ. ನೀನು ಹೋಗಿ ಲಾಲಿ ಕೇಳು” ಅಂದ. ಅವನಿಗೆ ಬುದ್ಧಿ ಹೇಳುವುದೂ ಒಂದೇ, ಗೋಣಿಚೀಲಕ್ಕೆ ಹೇಳುವುದೂ ಒಂದೇ.

ಆಮೇಲೆ ಆಲ್ಬಮ್ ಬಂತು. ಹುಡುಗರಾಗಿದ್ದಾಗಿನಿಂದ ನಾಲ್ವರೂ ಕಂಡ ಕನಸು ಅದು. ಹಾಡುಗಳನ್ನು ರೆಕಾರ್ಡ್ ಮಾಡಿ ಅಣ್ಣನ ಕೈಗೆ ಕೊಟ್ಟರು. ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ, ತಾಮ್ರದ ತಂತಿಯ ಉರುಳೆಗಳ ನಡುವೆ ಕಂಪ್ಯೂಟರ್ ಇಟ್ಟುಕೊಂಡು, ತಿಂಗಳುಗಟ್ಟಲೆ ಹದ ಮಾಡಿದ. ಊಟಕ್ಕೆ ಕರೆದರೆ “ಆಯ್ತು, ಈ ಹಾಡು ಒಂದು” ಅನ್ನುತ್ತಿದ್ದ. ಆಲ್ಬಮ್ ಬಿಡುಗಡೆಯಾದಾಗ ಯಾರೂ ಊಹಿಸದಂಥ ಹೊಗಳಿಕೆ ಬಂತು. ಅದೂ ಸೌಂಡಿಗೆ! ಎಷ್ಟು ಸ್ವಚ್ಛ, ಒಂದೊಂದು ಪೆಟ್ಟೂ ಬೇರೆಬೇರೆ ಕೇಳುತ್ತದೆ, ಇದನ್ನು ಮಾಡಿದವರು ಯಾರು ಅಂತ ಎಲ್ಲೆಲ್ಲಿಯವರೋ ಬರೆದರು. ಕವರಿನ ಹಿಂದೆ ಅಚ್ಚಾಗಿತ್ತು, ‘ಶಬ್ದ: ಗುಡುಗು’.

ಅಣ್ಣನ ಕಾಲು ನೆಲದ ಮೇಲಿರಲಿಲ್ಲ. ಪಂಪು ತಂದವರಿಗೂ ಆಲ್ಬಮ್ ಕೇಳಿಸುತ್ತಿದ್ದ. ಪಾಪ, ಅವರಿಗೆ ನೀರಿನ ಚಿಂತೆ. “ಇಲ್ಲಿ ಕೇಳಿ, ಈ ಜಾಗ!” ಅಂತ ಕೈಯೆತ್ತಿ ನಿಲ್ಲಿಸುತ್ತಿದ್ದ. ಅತ್ತಿಗೆಗೂ ಸಂತೋಷವಾಗಿತ್ತು. “ಅಷ್ಟು ವರ್ಷ ಗದ್ದಲ ಮಾಡಿದ್ದಕ್ಕೆ ಒಂದಾದ್ರೂ ಕೈಗೆ ಬಂತಲ್ಲ” ಅಂದಳು. ನನಗೆ ಸೋಜಿಗವಾಯಿತು. ಷೋನಲ್ಲಿ ಕಿವಿ ಹರಿಯುವ ಹಾಗೆ ಮಾಡುವವನು ಇಲ್ಲಿ ಹೇಗೆ ಇಷ್ಟು ಚೆನ್ನಾಗಿ ಮಾಡಿದ? ಇರಲಿ, ಒಳ್ಳೆಯದಾಯಿತಲ್ಲ ಅಂದುಕೊಂಡು ಸುಮ್ಮನಾದೆ.

ಒಂದು ಮಧ್ಯಾಹ್ನ ಅವನ ಅಂಗಡಿ ಮುಂದೆ ಲಾರಿಯೊಂದು ಹಿಂದೆ ಬರುತ್ತಿತ್ತು, ಪೀಂ ಪೀಂ ಅಂತ ಎಚ್ಚರಿಕೆ ಕೊಡುತ್ತಲೇ. ಬೀದಿಯಲ್ಲಿದ್ದವರೆಲ್ಲ ಸರಿದರು. ಅಣ್ಣ ಮೋಟಾರ್ ಹೊತ್ತು ಅದಕ್ಕೆ ಬೆನ್ನು ಮಾಡಿ ನಿಂತೇ ಇದ್ದ. ಯಾರೋ ಕೂಗಿಕೊಂಡು ಎಳೆದದ್ದಕ್ಕೆ ಭುಜ ತರಚಿದ್ದರಲ್ಲಿ ಮುಗಿಯಿತು. ಅತ್ತಿಗೆ ಅತ್ತಳು, ನಾನು ಕೂಗಾಡಿದೆ. ಕೊನೆಗೆ ನಮ್ಮ ಅಂಗಡಿಯ ಪಕ್ಕದಲ್ಲೇ ಇರುವ ಕಿವಿ ಪರೀಕ್ಷೆಯ ಕೇಂದ್ರಕ್ಕೆ ಬಂದ. ಪರೀಕ್ಷೆ ಮಾಡಿದಾಕೆ ಮೆಲ್ಲಗೆ ಹೇಳಿದಳು: “ನಿಮಗೆ ಗುಡುಗು ಕೇಳುತ್ತೆ, ಹಕ್ಕಿ ಕೇಳಲ್ಲ. ಸದ್ದಿನಲ್ಲಿ ಇದ್ದೂ ಇದ್ದೂ ಹೀಗಾಗಿದೆ. ಹೋದದ್ದು ವಾಪಸ್ ಬರಲ್ಲ. ಕಿವಿಗೆ ಯಂತ್ರ ಹಾಕಿದ್ರೆ ಬಹಳಷ್ಟು ಕೇಳಿಸುತ್ತೆ, ಆದ್ರೆ ಇನ್ನು ಸ್ಪೀಕರ್ ಹತ್ತಿರ ಹೋಗಬೇಡಿ.” ಅಣ್ಣ ತಲೆ ತಗ್ಗಿಸಿ ಕೂತಿದ್ದ. ಹೊರಗೆ ಬಂದಮೇಲೆ, “ಹೋಗ್ಲಿ ಬಿಡು, ಕಿವಿ ಹೋಗೋ ಮೊದಲು ಒಂದು ಒಳ್ಳೇ ಕೆಲಸ ಆಯ್ತಲ್ಲ, ಆಲ್ಬಮ್ಮು” ಅಂದ. ಯಂತ್ರಕ್ಕೆ ಹೇಳಿಬಂದೆವು.

ಅದೇ ವಾರ ಮೇಷ್ಟ್ರು ನನ್ನ ಅಂಗಡಿಗೆ ಬಂದರು. ಕನ್ನಡಕಕ್ಕೆ ಅಂದುಕೊಂಡೆ. ಫ್ರೇಮುಗಳನ್ನು ಸುಮ್ಮನೆ ಮುಟ್ಟಿ ನೋಡುತ್ತಾ ನಿಂತರು.

“ಗುಡುಗಿಗೆ ಯಂತ್ರ ಬರುತ್ತಂತೆ, ನಿಜಾನಾಮ್ಮ?”

“ಹೌದು. ಬರೋ ವಾರ.”

“ಅದರಲ್ಲಿ... ಎಲ್ಲ ಕೇಳುತ್ತಾ? ಸಣ್ಣ ಸಣ್ಣದೆಲ್ಲ?”

“ಕೇಳೋಕೆ ತಾನೇ ಹಾಕಿಸ್ತಿರೋದು?”

ಮೇಷ್ಟ್ರು ಕುರ್ಚಿಗೆ ಕುಸಿದರು. ಆಮೇಲೆ ಹೇಳಿದರು. ಅಣ್ಣ ಮಾಡಿಕೊಟ್ಟಿದ್ದನ್ನು ಅರ್ಧ ಹಾಡು ಕೇಳಲೂ ಆಗಿರಲಿಲ್ಲವಂತೆ. ಮೂವರೂ ಕೂಡಿ ಗುಟ್ಟಾಗಿ ಬೇರೆ ಊರಿನ ಸ್ಟುಡಿಯೋದಲ್ಲಿ ಮೇಲಿನ ಸ್ವರಗಳನ್ನೆಲ್ಲ ಮತ್ತೆ ಮಾಡಿಸಿದರಂತೆ. ಜನ ಹೊಗಳಿದ್ದು ಅದನ್ನು. ಅಣ್ಣನಿಗೆ ವ್ಯತ್ಯಾಸ ಕೇಳುವುದಿಲ್ಲ ಅಂತ ಗೊತ್ತಿದ್ದೇ ಅವನ ಹೆಸರು ಹಾಕಿದ್ದರು.

ನನ್ನ ಮೈ ಉರಿದುಹೋಯಿತು. “ಅವನನ್ನ ಏನಂದ್ಕೊಂಡಿದ್ದೀರಿ ಮೇಷ್ಟ್ರೇ? ಮಗು ಕೈಗೆ ಗಿಲಕಿ ಕೊಟ್ಟ ಹಾಗೆ ಹೆಸರು ಕೊಟ್ಟಿದ್ದೀರಲ್ಲ!”

“ಅವನ ಮನಸ್ಸು ಮುರೀಬಾರದು ಅಂತಮ್ಮ...”

“ಯಂತ್ರ ಬರೋದರೊಳಗೆ ನೀವೇ ಹೋಗಿ ಹೇಳಿ. ನಾನು ಹೇಳಲ್ಲ.”

ತಲೆಯಾಡಿಸಿ ಹೋದರು. ಮೂವರೂ ಕೂಡಿ ಅಣ್ಣನ ಅಂಗಡಿಗೆ ಹೋದದ್ದೂ ನಿಜ. ಟೀ ಕುಡಿದರು, ಬಿಸಿಲು ಜಾಸ್ತಿಯಾಯಿತು ಅಂದರು, ಎದ್ದು ಬಂದರು. ವೇದಿಕೆಯ ಮೇಲೆ ಸಾವಿಗೇ ಸವಾಲು ಹಾಕುವ ಶೂರರು, ಗೆಳೆಯನಿಗೆ ಒಂದು ಮಾತು ಹೇಳಲು ನಡುಗಿದರು. ಯಂತ್ರವೇ ಬರದಿರಲಿ ಅಂತ ಒಂದು ಗಳಿಗೆ ನನಗೂ ಅನ್ನಿಸಿತು. ಆದರೆ ಆ ಲಾರಿ ಕಣ್ಣ ಮುಂದೆ ಬರುತ್ತಿತ್ತು.

ಯಂತ್ರ ಹಾಕಿದ ದಿನ ಅಣ್ಣ ಬೀದಿಯಲ್ಲಿ ಮಗುವಿನಂತಾದ. ಚಪ್ಪಲಿ ಉಜ್ಜುವ ಸದ್ದು, ನನ್ನ ಬಳೆ, ಯಾರದೋ ಕೈಯ ಚೀಲದ ಸರಬರ. “ಇದೆಲ್ಲ ಇತ್ತಾ?” ಅಂತ ಕೇಳುತ್ತಾ ನಡೆದ. ಮನೆಗೆ ಬಂದವನೇ ಅತ್ತಿಗೆಯನ್ನು ಮಾತಾಡಿಸಿ, “ನಿನ್ನ ದನಿ ಚೆನ್ನಾಗಿದೆ ಕಣೇ” ಅಂದ. ಅವಳು ಸೆರಗು ಕಣ್ಣಿಗೊತ್ತಿ ಒಳಗೆ ಹೋದಳು. ಆಮೇಲೆ ನಾನು ಹೆದರುತ್ತಿದ್ದ ಮಾತು ಬಂತು. “ಬಾ, ಅಂಗಡಿಗೆ ಹೋಗಿ ಆಲ್ಬಮ್ ಕೇಳೋಣ.”

ಹಿಂದಿನ ಕೋಣೆಯಲ್ಲಿ ಮೊದಲ ಹಾಡು ಹಾಕಿದ. ಕಣ್ಣು ಮುಚ್ಚಿದ. ಹಿತ್ತಾಳೆ ತಟ್ಟೆಗಳು ಬಂದ ಜಾಗದಲ್ಲಿ ಅವನ ಮುಖ ಅರಳಿತು. ನಿಧಾನವಾಗಿ, ತೆಳ್ಳಗೆ, ಮಂಜು ಹರಡಿದ ಹಾಗೆ ಆ ಸದ್ದು. “ನೋಡಿದ್ಯಾ? ನನಗೇ ಇಷ್ಟು ಗೊತ್ತಿರಲಿಲ್ಲ. ಎಂಥ ಕೆಲಸ ಮಾಡಿದ್ದೀನಿ ನೋಡು!” ನಾನು ಗೋಡೆ ನೋಡುತ್ತಿದ್ದೆ. “ತಡಿ, ನಾನು ಮಾಡಿದ ಮೂಲ ಇಲ್ಲೇ ಇದೆ. ಅದು ಇನ್ನೂ ಚೆನ್ನಾಗಿರುತ್ತೆ” ಅಂತ ಕಂಪ್ಯೂಟರಿನಲ್ಲಿ ಹುಡುಕಿ ಹಾಕಿದ.

ಕೋಣೆಯೊಳಗೆ ತಗಡು ಹರಿದಂತಾಯಿತು. ಅಣ್ಣನ ಕೈ ತಾನಾಗಿಯೇ ಕಿವಿಗೆ ಹೋಯಿತು. ನಿಲ್ಲಿಸಿ, ಆಲ್ಬಮ್ ಹಾಕಿದ. ಮತ್ತೆ ತನ್ನದನ್ನು ಹಾಕಿದ. ಎರಡನೇ ಸಲ ಕೈ ಕೆಳಗಿಟ್ಟುಕೊಂಡು, ಹಲ್ಲು ಕಚ್ಚಿ, ಕೊನೆಯವರೆಗೂ ಕೇಳಿದ. ನಾನು ನಿಲ್ಲಿಸಲು ಹೋದರೆ ತಡೆದ.

“ಇದು ನಾನು ಮಾಡಿದ್ದು. ಅದು ಯಾರದ್ದು?”

ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನಿನ್ನ ಗೆಳೆಯರನ್ನ ಕೇಳಣ್ಣ” ಅಂದೆ.

ಫೋನು ಮಾಡಿದ. ಬೇಕರಿಯವನು ಹಿಟ್ಟು ಮೆತ್ತಿದ ಕೈಯಲ್ಲೇ ಬಂದ. ಮೇಷ್ಟ್ರು ಬಂದರು, ಡ್ರೈವರ್ ಸಮವಸ್ತ್ರದಲ್ಲಿ ಬಂದ. ಮೂವರೂ ಹೊಸ್ತಿಲ ಬಳಿ, ತಪ್ಪು ಮಾಡಿದ ಹುಡುಗರ ಹಾಗೆ ನಿಂತರು. ಅಣ್ಣ ಕೂಗಾಡುತ್ತಾನೆ ಅಂತ ಕಾದೆ. ಅವನು ಕೂಗಲಿಲ್ಲ.

“ಸ್ಟುಡಿಯೋದವನು ಚೆನ್ನಾಗಿ ಮಾಡಿದಾನೆ. ಅವನ ಹೆಸರು ಹಾಕಿ. ನನ್ನದು ತೆಗೀರಿ” ಅಂದ.

“ಬೇಡ ಕಣೋ ಗುಡುಗು” ಅಂದ ಬೇಕರಿಯವನು.

“ಅದು ಬಿಡು. ಷೋಗಳಲ್ಲೂ ಹೀಗೇ ಇತ್ತಾ?”

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

“ಎಷ್ಟು ವರ್ಷ ಹೀಗೆ ಜನರ ಕಿವಿಗೆ ಸುರಿದೆನೋ! ಅವರು ಟಿಕೆಟ್ ತಗೊಂಡು ಬಂದೋರು, ಒಂದಿನ ನರಳಿ ಹೋದ್ರು. ನೀವು ವಾರವಾರ ಅದರ ಎದುರಿಗೇ ನಿಂತಿದ್ರಲ್ಲೋ. ನಿಮ್ಮ ಕಿವಿ ಏನಾಯ್ತು? ಬನ್ನಿ, ಪಕ್ಕದಲ್ಲೇ ಪರೀಕ್ಷೆ ಮಾಡ್ತಾರೆ, ನಾಳೆನೇ ಹೋಗೋಣ. ನನ್ನ ಹಾಗೆ ಆಗಬೇಡಿ.” ತನ್ನದು ಹೋಯಿತು ಅಂತಲ್ಲ, ಗೆಳೆಯರದ್ದನ್ನೂ ತಾನೇ ಹಾಳು ಮಾಡಿದೆ ಅಂತ ಅವನ ಸಂಕಟ.

ಮೂವರೂ ಮುಖ ಮುಖ ನೋಡಿಕೊಂಡರು. ಕಡೆಗೆ ಡ್ರೈವರ್ ನೆಲ ನೋಡುತ್ತಾ ಹೇಳಿದ: “ನಮ್ಮದು ಚೆನ್ನಾಗಿದೆ ಕಣೋ. ನಾವು ಕಿವಿಯೊಳಗೆ ಸದ್ದು ತಡೆಯೋ ರಬ್ಬರಿಂದು ಇಟ್ಕೊಳ್ತಿದ್ವಿ. ಕೂದಲಿತ್ತಲ್ಲ, ನಿನಗೆ ಕಾಣ್ತಿರಲಿಲ್ಲ.”

ಅಣ್ಣ ಒಬ್ಬೊಬ್ಬರನ್ನೇ ನೋಡಿದ.

“ಮೂರೂ ಜನಾನಾ?”

“ಹೂಂ.”

“ಯಾವಾಗಿಂದ?”

“ನೀನು ಮೈಕಲ್ಲಿ ನಗಾಡಿದೆಯಲ್ಲ, ಅದಾದ ಮುಂದಿನ ವಾರದಿಂದ.”

ಅಣ್ಣ ಕುರ್ಚಿಯ ಮೇಲೆ ಕೂತ. ಬೇಕರಿಯವನು ಅಳುತ್ತಿದ್ದ. “ನಿನಗೆ ಕೊಟ್ಟಿದ್ರೂ ನೀನು ಹಾಕ್ಕೊಳ್ತಿರಲಿಲ್ಲ ಕಣೋ” ಅಂದ.

“ಇಲ್ಲ, ಹಾಕ್ಕೊಳ್ತಿರಲಿಲ್ಲ” ಅಂದ ಅಣ್ಣ. “ಬೈದು, ನಗಾಡಿ ಕಳಿಸ್ತಿದ್ದೆ. ಆದ್ರೂ ಒಂದು ಸಲ ಕೊಟ್ಟು ನೋಡಬೇಕಿತ್ತು ಕಣ್ರೋ.”