ಕ್ಯಾಮೆರಾಗೆ ಬೆನ್ನು ಕೊಟ್ಟ ಹಾಡು

ಒಂದು ಕಲೆಯನ್ನು ಇನ್ನೊಂದು ಕಲೆಗೆ ಅಳವಡಿಸುವುದೆಂದರೆ ಒಂದು ಯುಗವನ್ನೇ ಆಚೆ ದಡಕ್ಕೆ ದಾಟಿಸಿದಂತೆ. ನಾವು ಆ ಯುಗವನ್ನು ದಾವಣಗೆರೆಯಿಂದ ಹರಿಹರದವರೆಗೆ ಬಾಡಿಗೆ ಟೆಂಪೋದಲ್ಲಿ, ಜನರೇಟರಿನ ಪಕ್ಕ ಕೂರಿಸಿಕೊಂಡು ಹೋದೆವು. ಯುಗಕ್ಕೆ ದಾರಿಯಲ್ಲಿ ಒಮ್ಮೆ ವಾಂತಿಯೂ ಆಯಿತು.

ಯುಗವೆಂದರೆ ನನ್ನ ಸೋದರಮಾವ. ಪ್ರಾಯದಲ್ಲಿ ನಾಟಕ ಕಂಪನಿಯಲ್ಲಿ ಹಾಡುನಟರಾಗಿದ್ದವರು, ಈಗ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ, ಹಾರ್ಮೋನಿಯಂ ಮೇಲೆ ಇಸ್ತ್ರಿ ಬಟ್ಟೆ ಪೇರಿಸುವ ಅತ್ತೆಯೊಡನೆ ನಿತ್ಯ ಹೋರಾಟ ನಡೆಸಿರುವವರು. ಅವರ ಕಂಪನಿ ಆಡುತ್ತಿದ್ದ ಒಂದು ಸಂಗೀತ ನಾಟಕವನ್ನು ಸಿನಿಮಾ ಮಾಡಲು ನಮ್ಮೂರಿನ ಯುವಕನೊಬ್ಬ ಹೊರಟಿದ್ದ. ಕೆ.ಬಿ. ಬಡಾವಣೆಯಲ್ಲಿ ಅವನದು ಮದುವೆ ವಿಡಿಯೊ ಸ್ಟುಡಿಯೊ. ಚಿತ್ರಕಥೆಯ ಹೊಣೆ ನನ್ನ ಮೇಲೆ ಬಿತ್ತು. ನನಗೆ ಬೇರೆ ಕೆಲಸವಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು.

ಆ ನಾಟಕದಲ್ಲಿ ಎಲ್ಲರೂ ಹಾಡುತ್ತಾರೆ. ರಾಜನಿಗೆ ಸಿಟ್ಟು ಬಂದರೆ ಹಾಡು, ಕತ್ತಿ ತಾಗಿದರೆ ಹಾಡು, ಸತ್ತ ಮೇಲೂ ಒಂದು ಚರಣ. ನಾನು ಒಂದೊಂದನ್ನೇ ಕತ್ತರಿಸುತ್ತ, ಮನಸ್ಸಿನಲ್ಲೇ ತರ್ಪಣ ಬಿಡುತ್ತ ಹೋದೆ. ಉಳಿದದ್ದು ಒಂದೇ: ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಪ್ಪ ಹೊಳೆಯ ದಂಡೆಯಲ್ಲಿ ಹಾಡುವುದು. ಅದು ಮಾವನ ಹಾಡು. ಸಿನಿಮಾದಲ್ಲೂ ಅಪ್ಪನ ಪಾತ್ರ ಅವರದೇ.

"ಲೇ ಅಳಿಯಾ, ಇಷ್ಟು ವರ್ಷ ಹಾಡಿದ್ದೆಲ್ಲ ಗಾಳಿಗೆ ಹೋತು. ಇದೊಂದು ಉಳೀಲಿ," ಎಂದಿದ್ದರು. ಮಾವ ಯಾರ ಬಳಿಯೂ ಏನನ್ನೂ ಕೇಳಿದವರಲ್ಲ, ಅತ್ತೆಯ ಬಳಿ ಎರಡನೇ ಚಹಾ ಬಿಟ್ಟರೆ.

ಹಾಡನ್ನು ಸ್ಟುಡಿಯೊದಲ್ಲಿ ಮೊದಲೇ ಧ್ವನಿಮುದ್ರಿಸಿದ್ದೆವು. ಹರಿಹರದ ಹೊಳೆಯ ಮೆಟ್ಟಿಲ ಬಳಿ ಅದನ್ನು ಸ್ಪೀಕರಿನಲ್ಲಿ ಹಾಕುವುದು, ಮಾವ ಅದಕ್ಕೆ ಸರಿಯಾಗಿ ತುಟಿ ಆಡಿಸುವುದು, ಇಷ್ಟೇ ಕೆಲಸ. ಆದರೆ ಕಂಪನಿಯ ಗಾಯಕರು ಒಂದು ಹಾಡನ್ನು ಎರಡು ಸಲ ಒಂದೇ ಥರ ಹಾಡುವವರಲ್ಲ. ಹಾಗೆ ಹಾಡಿದವನು ನಿದ್ದೆಗಣ್ಣಲ್ಲಿದ್ದ ಎಂದೇ ಅವರಲ್ಲಿ ತೀರ್ಮಾನ. ಸ್ಪೀಕರಿನ ಮಾವ ಚರಣಕ್ಕೆ ಬಂದಾಗ ಎದುರಿನ ಮಾವ ಇನ್ನೂ ಪಲ್ಲವಿಯಲ್ಲೇ ಆಲಾಪ ಹೂಡಿರುತ್ತಿದ್ದರು.

"ಯಜಮಾನ್ರೆ, ಸ್ಟುಡಿಯೊದಾಗೆ ಹಾಡಿದಂಗೇ ಹಾಡ್ರಿ," ನಿರ್ದೇಶಕ ಕೈಮುಗಿದ.

"ಅದು ಮೊನ್ನೆ ಹಾಡಪ್ಪ. ಇವತ್ತಿಂದು ಇವತ್ತು."

"ತುಟಿ ಕೂಡ್ತಿಲ್ರಿ."

"ಹಂಗಾರೆ ಆ ಡಬ್ಬಿಗೆ ಹೇಳು, ನನ್ನ ಹಿಂದೆ ಬಾ ಅಂತ."

ನಿರ್ದೇಶಕ ನನ್ನನ್ನು ಪಕ್ಕಕ್ಕೆ ಕರೆದ. "ಬಿಸ್ಲು ಏರ್ತಾ ಐತೆ ಸಾರ್. ತುಟಿ ಕಾಣದಂಗೆ ಹಿಂದಿನಿಂದ ತಗೀತೀನಿ. ಹೊಳೆ ಕಡೆ ತಿರುಗಿ ನಿಲ್ಲಲಿ. ಒಲ್ಲೆ ಅಂದ್ರೆ ಈ ಹಾಡೂ ಬ್ಯಾಡ, ಬಿಟ್ಬಿಡಣ."

ಇದನ್ನು ತಿಳಿಸುವ ರಾಯಭಾರ ನನ್ನದು. ಕಂಪನಿಯಲ್ಲಿ ಬೆಳೆದವರಿಗೆ ಪ್ರೇಕ್ಷಕರು ಪ್ರಭುಗಳು. ಪ್ರಭುಗಳಿಗೆ ಬೆನ್ನು ತೋರಿಸುವಂತಿಲ್ಲ. ಅಲ್ಲಿ ಸೋತು ಓಡುವ ಸೈನಿಕನೂ ಮುಖ ಇತ್ತ ಮಾಡಿಕೊಂಡೇ ಹಿಂದಹಿಂದಕ್ಕೆ ಓಡುತ್ತಾನೆ.

"ಪ್ರಭುಗಳಿಗೆ ಬೆನ್ನಾ? ನಾನು ಸಾಯೋದಾದ್ರೂ ಮಾರಿ ಇತ್ತ ಮಾಡೇ ಸಾಯಾವ," ಎಂದರು ಮಾವ.

"ಪ್ರಭುಗಳೆಲ್ಲಿ ಅದಾರೆ ಮಾವ? ಬರೀ ಕ್ಯಾಮೆರಾ ಐತೆ."

"ಅದರ ಹಿಂದೆ ಕುಂತಿರ್ತಾರಲ್ಲೋ!"

ಸಿನಿಮಾದ ತತ್ತ್ವವನ್ನು ಇಷ್ಟು ಚಿಕ್ಕದಾಗಿ ನಾನು ಎಲ್ಲಿಯೂ ಓದಿಲ್ಲ. ಆದರೆ ಹಾಡು ಹೋದಂತೆಯೇ. ಮಾವ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಪೇಟವಿಲ್ಲದ ಅವರು ತಟ್ಟನೆ ಮುದುಕರಾಗಿ ಕಂಡರು.

ಅಷ್ಟರಲ್ಲಿ, ಶೂಟಿಂಗ್ ನೋಡಲು ನಮ್ಮ ಟೆಂಪೋದಲ್ಲೇ ಬಂದಿದ್ದ ಅತ್ತೆ ಮಂಡಕ್ಕಿ ಪೊಟ್ಟಣ ಹಿಡಿದು ಅವರನ್ನು ದಾಟಿ ಕೆಳಗಿಳಿದರು. ನೀರಿನಂಚಿನ ಮೆಟ್ಟಿಲಲ್ಲಿ, ಹೊಳೆಗೆ ಬೆನ್ನು ಹಾಕಿ, ಗಂಡನಿಗೆ ಎದುರಾಗಿ ಕೂತರು.

"ಏನ್ರಿ, ಇತ್ತ ನೋಡಿ ಹಾಡ್ರಿ. ನಾನು ಕುಂತೀನಿ."

"ನೀನ್ಯಾಕ?"

"ನಾನು ಪ್ರಭು ಅಲ್ಲೇನ್ರಿ? ಮನ್ಯಾಗೆ ದಿನಾ ಪುಕ್ಕಟೆ ಕೇಳ್ತಾಳೆ ಅಂತ ಲೆಕ್ಕಕ್ಕಿಲ್ಲೇನು?"

ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಶೂಟಿಂಗ್ ನೋಡುತ್ತ ಮೇಲೆ ನಿಂತಿದ್ದವರಿಗೂ ಅತ್ತೆ ಕೈಬೀಸಿದರು: "ಬರ್ರಿ, ಕೂಡ್ರಿ, ಮಂಡಕ್ಕಿ ಐತೆ." ನೋಡನೋಡುತ್ತ ಕೆಳಗಿನ ಮೆಟ್ಟಿಲುಗಳಲ್ಲಿ ಒಂದು ಸಭೆಯೇ ನೆರೆಯಿತು. ಹಣ್ಣಿನ ಗಾಡಿಯ ಸಾಹೇಬರೊಬ್ಬರು ಟೋಪಿ ಸರಿಮಾಡಿಕೊಂಡು ನೇರ ಮುಂದಿನ ಸಾಲಿಗೇ ಬಂದರು.

ಮಾವ ಪೇಟ ಇಟ್ಟುಕೊಂಡರು. ಮುಂದೆಂದೋ ಬರಲಿರುವ ಪ್ರಭುಗಳಿಗಿಂತ ಬಂದು ಕೂತ ಪ್ರಭುಗಳು ದೊಡ್ಡವರು. ಕ್ಯಾಮೆರಾಗೆ ಬೆನ್ನು ಹಾಕಿ, ಹೊಳೆಯ ಕಡೆ ತಿರುಗಿ, ಸಭೆಗೆ ನಮಸ್ಕರಿಸಿದರು. ನಿರ್ದೇಶಕ ಸ್ಪೀಕರ್ ಹಾಕುವ ಮೊದಲೇ ಹಾಡು ಶುರುವಾಗಿತ್ತು. ಹುಡುಗ ಬುದ್ಧಿವಂತ, ಸ್ಪೀಕರ್ ಬಿಟ್ಟು ಮೈಕು ಹಿಡಿದು ಓಡಿದ. ಮಗಳು ತಿರುಗಿ ನೋಡದೆ ಹೋಗುವ ಸಾಲಿಗೆ ಮಾವ ದನಿ ಇಳಿಸಿದಾಗ ಅತ್ತೆಯ ಕೈ ಮಂಡಕ್ಕಿಯಲ್ಲೇ ನಿಂತಿತು.

ಮುಗಿದೊಡನೆ ಸಾಹೇಬರು "ಒನ್ಸ್ ಮೋರ್!" ಎಂದು ಕೂಗಿದರು. ಮಾವ ಇನ್ನೊಮ್ಮೆ ಹಾಡಿದರು. ಬೇರೆ ಥರವೇ ಹಾಡಿದರೆಂದು ಬೇರೆ ಹೇಳಬೇಕಿಲ್ಲ.

ಚಿತ್ರ ದಾವಣಗೆರೆಯಲ್ಲಿ ಒಂದು ವಾರ ಓಡಿತು. ಹಾಡು ಪೂರ್ತಿ ಇದೆ. ಅದರಲ್ಲಿ ಅತ್ತೆಯ ಮುಖ ಕಾಣುತ್ತದೆ, ಮಾವನದು ಕಾಣುವುದಿಲ್ಲ.